ಹಾರ ಹಾಕಿದ ಮರುದಿನ: ಮಡಿಕೇರಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲಾಧಿಕಾರಿಗಳಿಗೆ, ಮಡಿಕೇರಿ ನಗರಸಭೆಯ ಅಧ್ಯಕ್ಷರು, ಸದಸ್ಯರು ಮತ್ತು ಪೌರಾಯುಕ್ತರಿಗೆ, ಹಾಗೂ ಊರಿನ ಎಲ್ಲರಿಗೆ,

ನಮಸ್ಕಾರ.

ಜನವರಿ 28ಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಯಂತಿ, ಮಾರ್ಚ್ 31ಕ್ಕೆ ಜನರಲ್ ತಿಮ್ಮಯ್ಯನವರದು. ಸೆಪ್ಟೆಂಬರ್ 7 ವಾಯುಸೇನೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಪಾಕಿಸ್ತಾನದ ಸರ್ಗೋಧದ ಮೇಲಿನ ದಾಳಿಯಿಂದ ಮರಳದ ದಿನ. ಈ ದಿನಗಳಲ್ಲಿ ಇವರ ಪ್ರತಿಮೆಗಳಿರುವ ವೃತ್ತಗಳಿಗೆ ಏಣಿ ಬರುತ್ತದೆ, ಹಾರ ಬೀಳುತ್ತದೆ, ಫೋಟೊ ಆಗುತ್ತದೆ. ಏಣಿ ಅರ್ಧ ಗಂಟೆಯಲ್ಲಿ ವಾಪಸು ಹೋಗುತ್ತದೆ. ಹಾರ ಎಷ್ಟೋ ಸಲ ಅಲ್ಲೇ ಉಳಿದು ಬಾಡಿ, ಕೊಳೆತು, ದಾರ ಹರಿದು ತಾನಾಗಿಯೇ ಬೀಳುವವರೆಗೆ ಕೊರಳಲ್ಲಿರುತ್ತದೆ. ನಮ್ಮ ಪತ್ರ ಆ ಮರುದಿನದ ಬಗ್ಗೆ. ಮಡಿಕೇರಿಗೆ ಸೈನಿಕರ ಮೇಲೆ ಅಭಿಮಾನ ಕಡಿಮೆಯಿದೆ ಎಂದು ಯಾರೂ ಹೇಳಲಾರರು. ಕಡಿಮೆ ಇರುವುದು ಉಸ್ತುವಾರಿ: ಕಂಚಿಗೂ ಬೇಕಾದದ್ದು, ಕಾಗದಕ್ಕೂ ಬೇಕಾದದ್ದು, ಇನ್ನೂ ಬದುಕಿರುವ ಹವಾಲ್ದಾರರಿಗೂ ಅವರ ಮನೆಯವರಿಗೂ ಬೇಕಾದದ್ದು.

ಬರೆಯುತ್ತಿರುವವರಲ್ಲಿ ಕೆಲವರು ಸೇನೆಯಲ್ಲಿ ದಾಖಲೆಯ ಕೆಲಸ ಮಾಡಿದವರು, ಕೆಲವರು ಲೋಹ, ಕಲ್ಲು, ಹಳೆ ಕಾಗದದ ಸಂರಕ್ಷಣೆ ಬಲ್ಲವರು. ನಮ್ಮ ಕತೆ ಇಲ್ಲಿ ಬೇಡ. ಕೆಲಸದ ಮಾತಿಗೆ ಬರುತ್ತೇವೆ.

ಮೊದಲು ಪ್ರತಿಮೆ. ವರ್ಷಕ್ಕೆ 3,000 ಮಿ.ಮೀ.ಗೂ ಮೇಲೆ ಮಳೆ ಬೀಳುವ ಊರು ಇದು. ಬಯಲುಸೀಮೆಯಲ್ಲಿ ಹತ್ತು ವರ್ಷ ಕೈಮುಟ್ಟದೆ ನಿಲ್ಲುವ ಕಂಚು ಇಲ್ಲಿ ನಿಲ್ಲುವುದಿಲ್ಲ. ಕಂಚಿಗೆ ಹಸಿರು ಬಂತೆಂದು ಗಾಬರಿಯಾಗಬೇಕಿಲ್ಲ. ಸಮನಾಗಿ, ಗಟ್ಟಿಯಾಗಿ ಕೂತ ಹಸಿರು ಅಥವಾ ಕಂದು ಪದರ ಲೋಹವನ್ನು ಕಾಯುತ್ತದೆ. ಗಾಬರಿಯಾಗಬೇಕಾದದ್ದು ತಿಳಿಹಸಿರು ಬಣ್ಣದ, ಬೆರಳಿಗೆ ಪುಡಿಯಾಗಿ ಹತ್ತುವ ಚುಕ್ಕೆಗಳನ್ನು ಕಂಡಾಗ. ಅದು ಕ್ಲೋರೈಡಿನ ಕೆಲಸ. ತೇವ ಇರುವವರೆಗೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಈ ಕ್ಲೋರೈಡು ಎಲ್ಲಿಂದ ಬರುತ್ತದೆ ಗೊತ್ತೇ? ಕಾರ್ಯಕ್ರಮದ ಹಿಂದಿನ ದಿನ ಪೀಠದ ಪಾಚಿ ತೆಗೆಯಲೆಂದು ಎರಚುವ ಬ್ಲೀಚಿಂಗ್ ಪೌಡರಿನಿಂದ. ಕಲ್ಲು ಬೆಳ್ಳಗಾಗುತ್ತದೆ, ಸಿಡಿದ ನೀರು ಬೂಟಿನ ಮೇಲೆ, ಪ್ಯಾಂಟಿನ ಮಡಿಕೆಯ ಮೇಲೆ ಕೂರುತ್ತದೆ. ಪ್ರತಿಮೆಗೆ ಬರುವ ರೋಗದ ಒಂದು ದೊಡ್ಡ ಪಾಲು ನಾವು ಗೌರವದಿಂದ ಮಾಡುವ ಸ್ವಚ್ಛತೆಯಿಂದಲೇ ಬರುವುದು.

ಹುಣಸೆಹಣ್ಣು, ನಿಂಬೆಹುಳಿ, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಮನೆಯ ದೀಪದ ಕಂಬ ಬೇರೆ, ಬಯಲಲ್ಲಿ ನಿಂತ ಮೂರ್ತಿ ಬೇರೆ. ಹುಳಿ ಹಚ್ಚಿ ಉಜ್ಜಿದರೆ ಕಾಯುವ ಪದರವೇ ಕಿತ್ತುಹೋಗಿ ಮೊದಲ ಮಳೆಗೆ ಹೊಸ ಲೋಹ ಕರಗತೊಡಗುತ್ತದೆ. ಚಿನ್ನದ ಬಣ್ಣದ ಪೇಂಟು ಅದಕ್ಕಿಂತ ಕೆಟ್ಟದ್ದು. ಬಣ್ಣದ ಅಡಿಯಲ್ಲಿ ನೀರು ಸಿಕ್ಕಿಕೊಂಡರೆ ಏನಾಗುತ್ತಿದೆ ಎಂದು ನೋಡುವುದಕ್ಕೂ ಆಗುವುದಿಲ್ಲ. ಮಾಡಬೇಕಾದದ್ದು ಸರಳ. ಫೆಬ್ರವರಿಯಲ್ಲಿ, ಒಣಹವೆ ಇರುವಾಗ, 10 ಲೀಟರ್ ನೀರಿಗೆ ಒಂದು ಟೀ ಚಮಚ ಕ್ಷಾರವಿಲ್ಲದ ಸೋಪಿನ ದ್ರಾವಣ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ತಲೆಯಿಂದ ಕೆಳಗೆ ತೊಳೆಯಬೇಕು. ಕಾಲರಿನ ಹಿಂದೆ, ತೋಳಿನ ಸಂದಿಯಲ್ಲಿ, ಪದಕಗಳ ಸಾಲಿನ ಅಡಿಯಲ್ಲಿ ಹಕ್ಕಿಯ ಹಿಕ್ಕೆ ಕೂತಿರುತ್ತದೆ. ಅದನ್ನು ಕೆರೆಯಬಾರದು, ನೆನೆಸಿ ತೆಗೆಯಬೇಕು. ಮೂರು ಸಲ ಒಳ್ಳೆಯ ನೀರು ಹಾಕಿ ಒಂದು ದಿನ ಒಣಗಲು ಬಿಡಬೇಕು. ಮರುದಿನ ಹನ್ನೊಂದರಿಂದ ಮೂರರ ಒಳಗೆ, ಬಿಸಿಲಿಗೆ ಲೋಹ ಬೆಚ್ಚಗಾದಾಗ, ಸಂರಕ್ಷಕರು ಬಳಸುವ ಮೈಕ್ರೊಕ್ರಿಸ್ಟಲಿನ್ ಮೇಣವನ್ನು ತೆಳ್ಳಗೆ ಹಚ್ಚಿ, ಹತ್ತಿಬಟ್ಟೆಯಲ್ಲಿ ಒರೆಸಬೇಕು. ಆಳೆತ್ತರದ ಪ್ರತಿಮೆಗೆ ಕಾಲು ಕಿಲೊ ಮೇಣ ಧಾರಾಳ. ದಪ್ಪಗೆ ಮೆತ್ತಿದರೆ ಧೂಳು ಅಂಟಿ ಕಪ್ಪಾಗುತ್ತದೆ. ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ ಇನ್ನೊಂದು ಸಲ ತೊಳೆದರೆ ಸಾಕು. ಇಷ್ಟಕ್ಕೆ ಪ್ರತಿಮೆಯೊಂದಕ್ಕೆ ವರ್ಷಕ್ಕೆ ಇಬ್ಬರ ಮೂರು ದಿನದ ಕೆಲಸ. ಟೆಂಡರಿನ ವಿಷಯವೇ ಅಲ್ಲ.

ಏಣಿಯನ್ನು ಪ್ರತಿಮೆಯ ತೋಳಿಗೋ ಭುಜಕ್ಕೋ ಒರಗಿಸುವುದನ್ನು ದಯವಿಟ್ಟು ನಿಲ್ಲಿಸಿ. ಪ್ರತಿಮೆಯ ಒಳಗೆ ಪೊಳ್ಳು. ತೋಳು ಬೆಸೆದ ಜಾಗವೇ ಅದರ ದುರ್ಬಲ ಜಾಗ. ತನ್ನ ಕಾಲ ಮೇಲೆ ತಾನೇ ನಿಲ್ಲುವ ಕವಲು ಏಣಿ ನಗರಸಭೆಯಲ್ಲಿ ಒಂದಿದ್ದರೆ ಎಲ್ಲ ವೃತ್ತಕ್ಕೂ ಆಗುತ್ತದೆ. ಹಾರವನ್ನು ತಂತಿಯಲ್ಲಿ ಕಟ್ಟಬೇಡಿ, ಹತ್ತಿದಾರ ಸಾಕು. ಅದೇ ಸಂಜೆ ತೆಗೆಯಿರಿ. ಚೆಂಡುಹೂವು ನೀರು ಹಿಡಿದುಕೊಂಡು ಕೊಳೆಯುವಾಗ ಹುಳಿ ಬಿಡುತ್ತದೆ, ಎದೆಯ ಮೇಲೆ ಕಾಣುವ ಆ ಬಿಲ್ಲಿನಾಕಾರದ ಕಲೆ ಹಾರದ ಅಚ್ಚೇ. ದಸರಾದಲ್ಲಿ ಸೀರಿಯಲ್ ಸೆಟ್ಟಿನ ವೈರಿಗೂ ಪ್ರತಿಮೆಯ ಕೈ ಕೊಂಬೆಯಾಗಬಾರದು.

ಇನ್ನು ಪೀಠ. ಪಾದದ ಅಡಿಯಿಂದ ಕಂದು ಬಣ್ಣದ ಗೆರೆ ಇಳಿಯುತ್ತಿದ್ದರೆ ಒಳಗಿನ ಕಬ್ಬಿಣದ ಸರಳಿಗೆ ನೀರು ತಾಕಿದೆ ಎಂದರ್ಥ. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ, ಗ್ರಾನೈಟನ್ನೂ ಸೀಳುತ್ತದೆ. ಒಳಗೆ ಇಳಿದ ನೀರು ಹೊರಹೋಗಲು ಎರಕ ಹೊಯ್ದವರು ಬುಡದಲ್ಲಿ ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಪೀಠಕ್ಕೆ ಹೊಸದಾಗಿ ಟೈಲ್ಸ್ ಹಾಕುವವರು ಅದನ್ನು ಸಿಮೆಂಟಿನಿಂದ ಮುಚ್ಚಿಬಿಡುತ್ತಾರೆ. ಮಳೆ ಶುರುವಾಗುವ ಮುಂಚೆ, ಮೇ ಮೊದಲ ವಾರದಲ್ಲಿ, ಒಂದು ಕಡ್ಡಿ ಹಾಕಿ ಆ ರಂಧ್ರ ತೆರೆದಿದೆಯೇ ನೋಡುವುದು ಐದು ನಿಮಿಷದ ಕೆಲಸ.

2023ರ ಆಗಸ್ಟಿನಲ್ಲಿ ಬಸ್ಸೊಂದು ಗುದ್ದಿ ತಿಮ್ಮಯ್ಯನವರ ಪ್ರತಿಮೆ ನೆಲಕ್ಕುರುಳಿದ್ದು ಯಾರಿಗೂ ಮರೆತಿಲ್ಲ. ರಿಪೇರಿಯಾಗಿ ಮತ್ತೆ ನಿಂತಿತು, ಸಂತೋಷ. ಆದರೆ ವೃತ್ತಗಳನ್ನು ಜೂನ್‌ನಿಂದ ಆಗಸ್ಟಿನವರೆಗಿನ ಮಂಜಿಗೆ ತಕ್ಕಂತೆ ಸಜ್ಜು ಮಾಡಬೇಕು. ಮಂಜಿನಲ್ಲಿ ಎತ್ತರದ ದೀಪ ಉಪಯೋಗಕ್ಕಿಲ್ಲ, ಬೆಳಕೆಲ್ಲ ಮಂಜಿನಲ್ಲೇ ಚೆಲ್ಲಿಹೋಗುತ್ತದೆ. ಚಾಲಕನ ಕಣ್ಣಿಗೆ ಬೀಳುವುದು ಹೆಡ್‌ಲೈಟಿನ ಮಟ್ಟದಲ್ಲಿರುವ ಪ್ರತಿಫಲಕ ಪಟ್ಟಿ. ಕರ್ಬ್ ಕಲ್ಲಿನ ಸುತ್ತ ಅದನ್ನು ಅಂಟಿಸಿ, ಪಾಚಿ ಮತ್ತು ಕೆಸರು ಮುಚ್ಚದಂತೆ ತಿಂಗಳಿಗೊಮ್ಮೆ ಒರೆಸಬೇಕು. ಕಾಂಕ್ರೀಟ್ ತುಂಬಿದ ಉಕ್ಕಿನ ಗೂಟಗಳು ತುಂಬಿದ ಬಸ್ಸನ್ನು ನಿಲ್ಲಿಸಲಾರವು, ಅದರ ಬಗ್ಗೆ ಭ್ರಮೆ ಬೇಡ. ವೃತ್ತಕ್ಕೆ ಬರುವ ಮುಂಚೆಯೇ ವೇಗ ಇಳಿಸುವ ಅಗಲವಾದ ಉಬ್ಬು ಬೇಕು. ಅದಕ್ಕೆ ಬಿಳಿ ಪಟ್ಟೆಯೂ ಇರಬೇಕು, ಇಲ್ಲದಿದ್ದರೆ ಉಬ್ಬೇ ಇನ್ನೊಂದು ಅಪಘಾತಕ್ಕೆ ದಾರಿ.

ಸನ್ನಿಸೈಡ್ ವಿಷಯ. ತಿಮ್ಮಯ್ಯನವರು ಹುಟ್ಟಿದ ಆ ಮನೆ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿಗಳಿಂದ ಸ್ಮಾರಕ ಭವನವಾಗಿ ಉದ್ಘಾಟನೆಯಾಯಿತು. ಕೊಡಗಿನ ಮನೆ ಹೇಗೆ ಒದ್ದೆಯಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು: ಜುಲೈಯಲ್ಲಿ ಬೀರುವಿನೊಳಗಿನ ಕೋಟಿಗೂ ಬೂಷ್ಟು ಬರುತ್ತದೆ. ಗಾಳಿಯ ತೇವ ಶೇ 65 ದಾಟಿ ಹಲವು ದಿನ ನಿಂತರೆ ಬಟ್ಟೆ, ಚರ್ಮ, ಕಾಗದ ಮೂರಕ್ಕೂ ಬೂಷ್ಟು ಖಂಡಿತ. ಮಳೆಗಾಲದಲ್ಲಿ ನಮ್ಮ ಹೊರಗಾಳಿ ಶೇ 90ರ ಮೇಲೆ. ಆದ್ದರಿಂದ ಸಮವಸ್ತ್ರ, ಪತ್ರ, ಫೋಟೊ ಇರುವ ಕೋಣೆಯ ಕಿಟಕಿಯನ್ನು 'ಗಾಳಿ ಆಡಲಿ' ಎಂದು ತೆರೆಯುವುದು ಮಳೆಗಾಲದಲ್ಲಿ ತಪ್ಪು. ಒಂದು ತೇವಮಾಪಕ ಗೋಡೆಯಲ್ಲಿರಲಿ, ಬೆಳಗ್ಗೆ ಮತ್ತು ಸಂಜೆ ಅಂಕಿ ಬರೆದಿಡಲಿ. ಡಿಹ್ಯುಮಿಡಿಫೈಯರ್ ಇದ್ದರೆ ಅದರ ನೀರಿನ ತೊಟ್ಟಿಯನ್ನು ಖಾಲಿ ಮಾಡುವವರು ಯಾರು ಎಂದು ಹೆಸರು ಹಿಡಿದು ಹೇಳಿರಲಿ. ತೊಟ್ಟಿ ತುಂಬಿದರೆ ಯಂತ್ರ ತಾನೇ ನಿಲ್ಲುತ್ತದೆ. ಶನಿವಾರ ರಾತ್ರಿ ನಿಂತದ್ದನ್ನು ಮಂಗಳವಾರ ನೋಡಿದರೆ ಮೂರು ದಿನದ ಬೂಷ್ಟು ಆಗಲೇ ಬೇರು ಬಿಟ್ಟಿರುತ್ತದೆ. ಪೆಟ್ಟಿಗೆಯೊಳಗೆ ಇಡುವ ಸಿಲಿಕಾ ಜೆಲ್ ಬಣ್ಣ ಬದಲಾಗಿದ್ದರೆ ಅದು ಸುಮ್ಮನೆ ಮರಳು. 120 ಡಿಗ್ರಿಯಲ್ಲಿ ಕೆಲ ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಭವನದ ಅಂಗಳದಲ್ಲಿರುವ ಟ್ಯಾಂಕ್ ಮತ್ತು ವಿಮಾನಕ್ಕೆ ಬಣ್ಣ ಹೊಡೆಯುವುದು ಎರಡನೆಯ ಕೆಲಸ, ನೀರು ಹೊರಹೋಗುವಂತೆ ಮಾಡುವುದು ಮೊದಲನೆಯದು. ಟ್ಯಾಂಕಿನ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಮಳೆನೀರು ಹೊಟ್ಟೆಯೊಳಗೆ ನಿಲ್ಲುತ್ತದೆ, ತಳದ ಪ್ಲಗ್ ತೆರೆದಿಡದಿದ್ದರೆ ಅಲ್ಲೇ ಕೊಳೆಯುತ್ತದೆ, ಸೊಳ್ಳೆಗೂ ಮನೆ. ವಿಮಾನದ ಮೈ ಅಲ್ಯೂಮಿನಿಯಂ. ಅದನ್ನು ಕೂರಿಸಿದ ಉಕ್ಕಿನ ಚೌಕಟ್ಟಿಗೂ ಅದಕ್ಕೂ ನಡುವೆ ರಬ್ಬರ್ ಹಾಳೆ ಇರಬೇಕು. ಎರಡು ಲೋಹ ಒದ್ದೆಯಲ್ಲಿ ಮುಟ್ಟಿಕೊಂಡರೆ ಅಲ್ಯೂಮಿನಿಯಂ ಬೆಳ್ಳನೆಯ ಪುಡಿಯಾಗಿ ಉದುರುತ್ತದೆ.

ಫಲಕಗಳ ಬಗ್ಗೆಯೂ ಒಂದು ಮಾತು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ತಿಮ್ಮಯ್ಯನವರು ಏರಿಸಿದ್ದು ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು. ಅಂಗಳದಲ್ಲಿರುವುದು ಅದಲ್ಲ, ಅದಕ್ಕಿಂತ ಬಹಳ ಈಚಿನದು. ದೇವಯ್ಯನವರು ಹಾರಿಸಿದ್ದು ಮಿಸ್ಟೇರ್ ಎಂಬ ಯುದ್ಧವಿಮಾನ, ಅಂಗಳದಲ್ಲಿರುವ ವಿಮಾನ ಅದೂ ಅಲ್ಲ. ಪ್ರವಾಸಿ ಬಂಧುಗಳು ಅದರ ಮುಂದೆ ನಿಂತು ಮಕ್ಕಳಿಗೆ 'ಇದೇ ಟ್ಯಾಂಕು' ಎಂದು ಹೇಳಿಕೊಂಡು ಹೋಗುತ್ತಾರೆ. ಎರಡು ಸಾಲಿನ ಫಲಕ ಇದನ್ನು ಸರಿಮಾಡುತ್ತದೆ. ಜೊತೆಗೆ, ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವ ರಸ್ತೆ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಎನ್ನುವುದೂ ಅಲ್ಲಿರಲಿ. ಆ ದಳದಲ್ಲಿ ದುಡಿದ ಕನ್ನಡಿಗರು ಕಡಿಮೆಯಿಲ್ಲ.

ದೇವಯ್ಯನವರ ವಿಷಯ ನಮ್ಮ ಮುಖ್ಯ ಮಾತಿಗೆ ದಾರಿ ತೋರಿಸುತ್ತದೆ. 1965ರ ಸೆಪ್ಟೆಂಬರ್ 7ರಂದು ತಮ್ಮ ಹಳೆ ಮಾದರಿಯ ವಿಮಾನದಲ್ಲಿ ಅವರು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹೊಡೆದುರುಳಿಸಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವಿನ 23 ವರ್ಷ ಶೌರ್ಯಕ್ಕೆ ಕೊರತೆಯಿತ್ತೇ? ಆ ಕಾಳಗ ಕಂಡವರು ಈ ಕಡೆ ಯಾರೂ ಇರಲಿಲ್ಲ, ಕಾಗದದಲ್ಲಿ ಏನೂ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂದು ಪೆನ್ಷನ್ನಿಗಾಗಿ ಅಲೆಯುವ ವಿಧವೆಯರ ಕಷ್ಟವೂ ಇದೇ ಜಾತಿಯದು. ಸೇವೆ ಆಗಿದೆ, ಹಕ್ಕು ಇದೆ, ಕಾಗದ ಹೊಂದುತ್ತಿಲ್ಲ.

ಏಕೆ ಹೊಂದುವುದಿಲ್ಲ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ, ಕಾರ್ಯಪ್ಪನವರ ಹೆಸರನ್ನೇ ತೆಗೆದುಕೊಳ್ಳಿ. ಕೆ.ಎಂ. ಎಂದರೆ ಕೊಡಂದೇರ ಮಾದಪ್ಪ: ಮೊದಲನೆಯದು ಮನೆಪೆದ, ಅಂದರೆ ಮನೆತನದ ಹೆಸರು, ಎರಡನೆಯದು ತಂದೆಯ ಹೆಸರು. ಹೀಗೆ ಬರೆಯುವ ಒಬ್ಬ ಸುಬೇದಾರರು ಇದ್ದಾರೆ ಎಂದುಕೊಳ್ಳಿ. ಸೇನೆಯ ದಾಖಲೆಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಆಧಾರಿನಲ್ಲಿ ಮನೆಪೆದ ಪೂರ್ತಿ ಬಿಡಿಸಿದ ಹೆಸರು. ಪ್ಯಾನ್ ಕಾರ್ಡಿನಲ್ಲಿ ಮನೆಪೆದ ಹೋಗಿ ಕೊನೆಗೆ ಕೂತಿದೆ. ಆರ್‌ಟಿಸಿಯಲ್ಲಿ ಇವರ ಹೆಸರೇ ಇಲ್ಲ, ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಜಮ್ಮಾ ಆಸ್ತಿ ಆದ್ದರಿಂದ ಒಕ್ಕದ ಹಿರಿಯ ಪಟ್ಟೇದಾರರ ಹೆಸರಿದೆ. ಇಂಗ್ಲಿಷ್ ಕಾಗುಣಿತವೂ ಒಂದೇ ಇರುವುದಿಲ್ಲ: ಕಾರ್ಯಪ್ಪ ಎನ್ನುವುದನ್ನು 'ಸಿ' ಅಕ್ಷರದಿಂದ ಬರೆಯುವ ತಲೆಮಾರು ಹೋಗಿ 'ಕೆ' ಅಕ್ಷರದ ತಲೆಮಾರು ಬಂದಿದೆ. ತಿಮ್ಮಯ್ಯ, ದೇವಯ್ಯ ಎನ್ನುವುದಕ್ಕೆ ಕನಿಷ್ಠ ಮೂರು ಮೂರು ಬಗೆ. ಹೆಂಡತಿಯ ಹೆಸರಿನದು ಇನ್ನೂ ದೊಡ್ಡ ಗೋಜಲು. ಮದುವೆಯಾದ ಮೇಲೆ ಮನೆಪೆದ ಬದಲಾಗುತ್ತದೆ. ಉತ್ತರ ಭಾರತದ ಯಾವುದೋ ಯೂನಿಟ್ಟಿನ ಗುಮಾಸ್ತ 'ಮುತ್ತವ್ವ' ಎಂದು ಕೇಳಿಸಿಕೊಂಡು ಬೇರೇನೋ ಬರೆದಿದ್ದಾನೆ. ಹುಟ್ಟಿದ ತಾರೀಕು ಗೊತ್ತಿಲ್ಲದ ಕಾರಣ ಆಧಾರಿನಲ್ಲಿ ಜನವರಿ 1 ಎಂದಿದೆ. ಅರೆಭಾಷೆ ಗೌಡರಿಗೂ ಮನೆತನದ ಹೆಸರಿನ ಇದೇ ಪಾಡು. ಮುಸ್ಲಿಂ, ಕ್ರೈಸ್ತ, ದಲಿತ ಕುಟುಂಬಗಳ ಮಾಜಿ ಸೈನಿಕರಿಗೆ ತೊಡಕು ಬೇರೆ ಬಗೆಯದು, ಫಲ ಒಂದೇ. ಕೊಡಗಿನ ಸೈನಿಕ ಎಂದರೆ ಕೊಡವರ ಉಡುಪಾದ ಕುಪ್ಯ ಚೇಲೆಯ ಚಿತ್ರವೊಂದೇ ಕಣ್ಣ ಮುಂದೆ ಬರುವವರಿಗೆ ಇದನ್ನು ನೆನಪಿಸಬೇಕಾಗಿದೆ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಟ್ಟ ಸೇವಾ ಪುಸ್ತಕ), ಪಿಪಿಒ (ಪೆನ್ಷನ್ ಆದೇಶ), ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಐದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರು, ಜನ್ಮದಿನಾಂಕ, ಹೆಂಡತಿಯ ಹೆಸರು ಅಕ್ಷರ ಅಕ್ಷರ ಹೋಲಿಸಬೇಕು. ಗಾಬರಿಯಲ್ಲಿ ಮೊದಲು ಆಧಾರ್ ಬದಲಿಸಲು ಓಡುವುದೇ ಹೆಚ್ಚಿನವರ ತಪ್ಪು. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅದನ್ನು ದುಡುಕಿ ಖರ್ಚು ಮಾಡಬಾರದು. ಸೇನೆಯ ದಾಖಲೆ ಸರಿಯಿದ್ದು ಆಧಾರ್ ತಪ್ಪಿದ್ದರೆ ಆಧಾರ್ ತಿದ್ದಿ. ಸೇನೆಯ ದಾಖಲೆಯೇ ತಪ್ಪಿದ್ದರೆ ಆ ಸೈನಿಕನ ದಳದ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಯಬೇಕು: ಅರ್ಜಿ, ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಪ್ರತಿ, ಪಿಪಿಒ ಪ್ರತಿ, ಗುರುತಿನ ದಾಖಲೆ, ಮದುವೆಯ ದಾಖಲೆ ಮತ್ತು ಅಫಿಡವಿಟ್. ಕೆಲಸ ಕೆಡುವುದು ಅಫಿಡವಿಟ್ಟಿನಲ್ಲಿ. ನೋಟರಿ ಮುಂದೆ ಮಾಡಿಸಿದ್ದನ್ನು ರೆಕಾರ್ಡ್ ಆಫೀಸುಗಳು ಸಾಮಾನ್ಯವಾಗಿ ವಾಪಸು ಕಳಿಸುತ್ತವೆ, ಅವು ಕೇಳುವುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ್ದನ್ನು. ಸೈನಿಕ ಕಲ್ಯಾಣ ಕಚೇರಿಯ ಮೇಲುಸಹಿಯೊಂದಿಗೆ ಅದು ಹೋದರೆ ಅಲ್ಲಿ ಬದಲಾವಣೆಯನ್ನು ದಾಖಲಿಸುವ ಪಾರ್ಟ್-2 ಆರ್ಡರ್ ಆಗುತ್ತದೆ. ಅದರ ಆಧಾರದ ಮೇಲೆ ಪ್ರಯಾಗ್‌ರಾಜಿನ ರಕ್ಷಣಾ ಪಿಂಚಣಿ ಕಚೇರಿ ತಿದ್ದುಪಡಿ ಪಿಪಿಒ ಹೊರಡಿಸುತ್ತದೆ. ತಿಂಗಳುಗಟ್ಟಲೆ ಹಿಡಿಯುವ ದಾರಿ. ಆದ್ದರಿಂದಲೇ ಇದನ್ನು ಸೈನಿಕ ಬದುಕಿದ್ದಾಗ ಮಾಡಬೇಕು, ಸತ್ತ ಮೇಲಲ್ಲ.

ಇನ್ನೊಂದು ತೊಡಕು ನಮ್ಮ ಚರಿತ್ರೆಯಿಂದಲೇ ಬಂದದ್ದು. 1942ರಲ್ಲಿ ಕೂರ್ಗ್ ಬೆಟಾಲಿಯನ್ ಒಂದು ಹುಟ್ಟಿತ್ತು. ಯುದ್ಧದ ನಂತರ ಅದು ಫಿರಂಗಿ ದಳವಾಗಿ ಮಾರ್ಪಟ್ಟಿತು. ಗೂರ್ಖಾಗಳಿಗೋ ಗಢವಾಲಿಗಳಿಗೋ ಇರುವಂತೆ ನಮಗೊಂದು ಪ್ರತ್ಯೇಕ ಪದಾತಿ ರೆಜಿಮೆಂಟ್ ಇಲ್ಲ. ಹೀಗಾಗಿ ನಮ್ಮವರು ಸೇನೆಯ ಎಲ್ಲ ಮೂಲೆಗೂ ಹಂಚಿಹೋದರು. ಮದ್ರಾಸ್ ರೆಜಿಮೆಂಟಿನ ರೆಕಾರ್ಡ್ಸ್ ವೆಲ್ಲಿಂಗ್ಟನ್ನಿನಲ್ಲಿ, ಎಂಇಜಿಯದು (ಮದ್ರಾಸ್ ಸ್ಯಾಪರ್ಸ್) ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಯಂತ್ರ ರಿಪೇರಿಯ ದಳವಾದ ಇಎಂಇಯದು ಸಿಕಂದರಾಬಾದಿನಲ್ಲಿ, ಮೆಡಿಕಲ್ ಕೋರಿನದು ಲಖನೌದಲ್ಲಿ, ವಾಯುಸೇನೆಯದು ದೆಹಲಿಯ ಸುಬ್ರೊತೊ ಪಾರ್ಕಿನಲ್ಲಿ, ನೌಕಾಪಡೆಯ ನಾವಿಕರದು ಮುಂಬೈಯಲ್ಲಿ. 'ಮಿಲ್ಟ್ರಿ ಆಫೀಸಿಗೆ ಬರೆದಿದ್ದೇವೆ, ಉತ್ತರ ಇಲ್ಲ' ಎನ್ನುವವರ ಅರ್ಜಿ ಬಹಳ ಸಲ ತಪ್ಪು ಊರಿಗೆ ಹೋಗಿರುತ್ತದೆ. ಸರ್ವಿಸ್ ನಂಬರ್ ಇಲ್ಲದ ಅರ್ಜಿ ಸರಿಯಾದ ಊರಿಗೆ ಹೋದರೂ ಪ್ರಯೋಜನವಿಲ್ಲ.

ಈಗ ಪ್ರತಿ ವರ್ಷದ ಲೈಫ್ ಸರ್ಟಿಫಿಕೇಟ್, ಅಂದರೆ ಪೆನ್ಷನ್‌ದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ. ರಕ್ಷಣಾ ಪೆನ್ಷನ್ ಬ್ಯಾಂಕುಗಳ ಕೈಯಿಂದ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಹಳೆ ಅಭ್ಯಾಸಗಳೇ ತೊಂದರೆ ಕೊಡುತ್ತಿವೆ. ಈ ಪ್ರಮಾಣಪತ್ರ ಮಾಡುವ ಜೀವನ್ ಪ್ರಮಾಣ್ ಆ್ಯಪಿನಲ್ಲಿ ಪೆನ್ಷನ್ ಕೊಡುವವರು ಯಾರು ಎಂಬ ಕಡೆ ಜನ ತಮ್ಮ ಬ್ಯಾಂಕನ್ನು ಆರಿಸುತ್ತಾರೆ. ಅಲ್ಲಿ ಆರಿಸಬೇಕಾದದ್ದು ಸ್ಪರ್ಶ್. ಪಿಪಿಒ ನಂಬರಿನ ಜಾಗದಲ್ಲಿ ಡಿಸ್ಚಾರ್ಜ್ ಕಾಲದ, ಓರೆಗೆರೆಗಳಿರುವ ಹಳೆ ನಂಬರ್ ಹಾಕುತ್ತಾರೆ. ಹಾಕಬೇಕಾದದ್ದು ಸ್ಪರ್ಶ್ ಕೊಟ್ಟ 12 ಅಂಕಿಯದು. ಎರಡರಲ್ಲಿ ಒಂದು ತಪ್ಪಿದರೂ ಪ್ರಮಾಣ್ ಐಡಿ ಬಂದೇ ಬರುತ್ತದೆ, ಮೆಸೇಜು ನೋಡಿ 'ಆಯಿತು' ಎಂದು ಮನೆಗೆ ಹೋಗುತ್ತಾರೆ, ಪೆನ್ಷನ್ ನಿಲ್ಲುತ್ತದೆ. ಕೆಲ ದಿನ ಬಿಟ್ಟು ಸ್ಪರ್ಶ್ ಲಾಗಿನ್‌ಗೆ ಹೋಗಿ ಮುಂದಿನ ಗುರುತು ದಿನಾಂಕ ಒಂದು ವರ್ಷ ಮುಂದಕ್ಕೆ ಹೋಗಿದೆಯೇ ಎಂದು ನೋಡಿದ ಮೇಲೆಯೇ ಕೆಲಸ ಮುಗಿದ ಹಾಗೆ.

ಕಾಫಿ, ಮೆಣಸು ಕೊಯ್ದು ಸವೆದ ಬೆರಳಿಗೆ ಬೆರಳಚ್ಚಿನ ಯಂತ್ರ ಒಲಿಯುವುದಿಲ್ಲ. ಹತ್ತು ಸಲ ಒತ್ತಿಸಿ ವೃದ್ಧರನ್ನು ದಣಿಸುವ ಬದಲು ಮುಖ ಗುರುತಿನ ಆ್ಯಪ್ ಬಳಸಿ. ಬಿಳಿ ಗೋಡೆಗೆ ಬೆನ್ನು ಮಾಡಿ, ಕಿಟಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಒಮ್ಮೆ ಕಣ್ಣು ಮಿಟುಕಿಸಲು ಹೇಳಿ. ಮಳೆಗಾಲದ ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಬಲ್ಬಿನ ಬೆಳಕು ಬಿದ್ದರೆ ಆ್ಯಪ್ ಕೈ ಎತ್ತುತ್ತದೆ. ಹಾಸಿಗೆ ಹಿಡಿದವರಿಗೆ ಅಂಚೆಯಣ್ಣನೇ ಮನೆಗೆ ಬಂದು 70 ರೂಪಾಯಿಗೆ ಮಾಡಿಕೊಡುವ ಸೌಲಭ್ಯವಿದೆ. ಹಳ್ಳಿಗಳಲ್ಲಿ ಇದು ಗೊತ್ತಿರುವವರು ಕಡಿಮೆ.

ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳೂ ಸರಿಯಿಲ್ಲ. ನವೆಂಬರ್ ದೆಹಲಿಗೆ ಅನುಕೂಲ. ಇಲ್ಲಿ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ, ಗದ್ದೆ ಕೊಯ್ಲಿಗೆ ಬರುತ್ತದೆ, ಪುತ್ತರಿ ಹಬ್ಬ ಹತ್ತಿರದಲ್ಲೇ ಇರುತ್ತದೆ. ಮಗ ತೋಟ ಬಿಟ್ಟು ಅಪ್ಪನನ್ನು ಮಡಿಕೇರಿಗೆ ಕರೆತರಲಾರ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಅವರದನ್ನಾದರೂ ಅಕ್ಟೋಬರಿನಲ್ಲೇ ಮುಗಿಸಿದರೆ ಅರ್ಧ ಗದ್ದಲ ಇಳಿಯುತ್ತದೆ.

ಸೈನಿಕ ತೀರಿಕೊಂಡಾಗ ಆಗುವ ಅನಾಹುತವನ್ನೂ ಹೇಳಿಬಿಡುತ್ತೇವೆ. ಮರಣದ ಸುದ್ದಿ ಸ್ಪರ್ಶ್‌ಗೆ ತಿಳಿಸದೆ ಎಟಿಎಂ ಕಾರ್ಡಿನಲ್ಲಿ ಎರಡು ಮೂರು ತಿಂಗಳ ಪೆನ್ಷನ್ ತೆಗೆದವರಿದ್ದಾರೆ. ಮೋಸದ ಉದ್ದೇಶದಿಂದ ಅಲ್ಲ, 'ಜಂಟಿ ಖಾತೆ ಅಲ್ವಾ, ನಮ್ಮದೇ ದುಡ್ಡು' ಎಂಬ ತಿಳಿವಳಿಕೆಯಿಂದ. ಅದು ಮುಂದೆ ವಸೂಲಿಯಾಗುತ್ತದೆ, ಅದೂ ಕುಟುಂಬ ಪೆನ್ಷನ್ ಶುರುವಾಗಬೇಕಾದ ಹೊತ್ತಿಗೆ. ಜಂಟಿ ಖಾತೆ ಇದ್ದ ಮಾತ್ರಕ್ಕೆ ಕುಟುಂಬ ಪೆನ್ಷನ್ ತಾನಾಗಿ ಬರುವುದಿಲ್ಲ. ಹೆಂಡತಿಯ ಹೆಸರು, ಜನ್ಮದಿನಾಂಕ, ಆಧಾರ್, ಪ್ಯಾನ್ ಸ್ಪರ್ಶ್‌ನಲ್ಲಿ ಮೊದಲೇ ಪರಿಶೀಲನೆಯಾಗಿರಬೇಕು. ಎಷ್ಟೋ ಅಜ್ಜಿಯರಿಗೆ ಪ್ಯಾನ್ ಕಾರ್ಡೇ ಇರುವುದಿಲ್ಲ. ಒಂದು ದಿನದ ಅರ್ಜಿ ಅದು. ಇಂದೇ ಮಾಡಿಸಿಡಿ.

ಮನೆಯಲ್ಲಿರುವ ಕಾಗದದ ಬಗ್ಗೆ: 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯೊಂದಿಗೆ ಕಾಗದಪತ್ರವನ್ನೂ ಕಳೆದುಕೊಂಡ ಮನೆಗಳು ಈ ಜಿಲ್ಲೆಯಲ್ಲಿವೆ. ಕಳೆದುಹೋದ ಡಿಸ್ಚಾರ್ಜ್ ಬುಕ್ಕಿಗೆ ಬದಲಾಗಿ ಸೇವಾ ಪ್ರಮಾಣಪತ್ರ ಪಡೆಯಬಹುದು, ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಅಫಿಡವಿಟ್ ಬೇಕು. ಕಳೆಯದವರು ಹಾಳು ಮಾಡಿಕೊಳ್ಳುವುದು ಬೇರೆ ರೀತಿ. ಪುಸ್ತಕವನ್ನು ತೆರೆದು ನೋಡಿ: ನಡುವಿನ ಪಿನ್ನು ತುಕ್ಕು ಹಿಡಿದು ಸುತ್ತ ಬೆರಳಗಲ ಕಂದು ಕಲೆ ಬಂದಿರುತ್ತದೆ, ಆ ಕಲೆಯ ಕೆಳಗೆ ಸರಿಯಾಗಿ ಹೆಂಡತಿ ಮಕ್ಕಳ ಹೆಸರಿನ ಸಾಲು ಇರುತ್ತದೆ. ಪಿನ್ನನ್ನು ಎಳೆಯದೆ ಬಗ್ಗಿಸಿ ಬಿಡಿಸಿ ತೆಗೆಯಿರಿ, ಹತ್ತಿದಾರದಲ್ಲಿ ಹೊಲಿಯಿರಿ. ಲ್ಯಾಮಿನೇಟ್ ಮಾಡಬೇಡಿ. ಮಾಡಿದರೆ ಮತ್ತೆ ಬಿಡಿಸಲಾಗದು, ಒಳಗೆ ಉಳಿದ ತೇವ ಮೊಹರನ್ನು ಅಳಿಸುತ್ತದೆ. ಪಾಲಿಥಿನ್ ಚೀಲವೂ ಬೇಡ. ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಬೀರುವಿನ ನಡುವಿನ ಹಲಗೆಯಲ್ಲಿಡಿ. ಎಲ್ಲ ಪುಟವನ್ನೂ, ಖಾಲಿ ಪುಟವನ್ನೂ ಬಿಡದೆ, ಸ್ಕ್ಯಾನ್ ಮಾಡಿಸಿ ಹೊರಗಿರುವ ಮಕ್ಕಳಿಗೊಂದು ಪ್ರತಿ ಕಳಿಸಿ. ಸರ್ವಿಸ್ ನಂಬರ್, ರ‍್ಯಾಂಕ್, ದಾಖಲೆಯಲ್ಲಿರುವಂತೆಯೇ ಹೆಸರು, ರೆಕಾರ್ಡ್ ಆಫೀಸಿನ ವಿಳಾಸ, ಸ್ಪರ್ಶ್ ನಂಬರ್ ಇಷ್ಟನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.

ಜಿಲ್ಲಾಡಳಿತದಿಂದ ನಾವು ಕೇಳುವುದು ದೊಡ್ಡದೇನಲ್ಲ. ಮಡಿಕೇರಿಯ ಕಚೇರಿಗೆ ಜನ ಬರಬೇಕೆಂಬ ಬದಲು ತಿಂಗಳಿಗೊಮ್ಮೆ ಸಂತೆಯ ದಿನ ತಾಲ್ಲೂಕುಗಳಿಗೆ ಒಂದು ಮೇಜು ಹೋಗಲಿ: ಸೋಮವಾರಪೇಟೆಗೆ ಸೋಮವಾರ, ವಿರಾಜಪೇಟೆಗೆ ಬುಧವಾರ, ಮಡಿಕೇರಿಗೆ ಶುಕ್ರವಾರ, ಹೀಗೆ. ಶನಿವಾರಸಂತೆಗೆ ಶನಿವಾರವೇ ಹೋಗಬೇಕು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಿಟ್ಟು. ಕಾರ್ಯಪ್ಪನವರು ಹುಟ್ಟಿದ ಊರಿಗೆ ಅಷ್ಟು ಸೌಕರ್ಯ ಸಲ್ಲಬೇಕು. ಮೇಜಿನಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಒಬ್ಬರು, ವಂಶವೃಕ್ಷಕ್ಕೆ ನಾಡಕಚೇರಿಯ ಒಬ್ಬರು, ಆಧಾರ್ ಕಿಟ್ಟಿನ ಆಪರೇಟರ್, ಅಫಿಡವಿಟ್ ಬರೆದುಕೊಡಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ಇರಲಿ. ಒಬ್ಬೊಬ್ಬರೇ ಬೇರೆ ಬೇರೆ ದಿನ ಬಂದರೆ ಉಪಯೋಗವಿಲ್ಲ. ನಾಲ್ಕು ಜನ ಒಂದೇ ಮೇಜಿನಲ್ಲಿದ್ದರೆ ನಾಲ್ಕು ಓಡಾಟ ಒಂದಾಗುತ್ತದೆ. ಮೊಬೈಲ್ ಸಿಗ್ನಲ್ ಇರುವ ಕಟ್ಟಡವನ್ನೇ ಆರಿಸಿ. ಒಟಿಪಿ ಬಾರದ ಸಭಾಂಗಣ ಎಷ್ಟು ದೊಡ್ಡದಿದ್ದರೇನು?

ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಆ ದಿನ ಕಾರ್ಯಪ್ಪನವರು ನಿವೃತ್ತರಾದರು ಎಂಬ ಕಾರಣಕ್ಕೇ ದೇಶ ಅದನ್ನು ಆರಿಸಿಕೊಂಡದ್ದು. ನಿವೃತ್ತಿಯ ನಂತರ, 1964ರಲ್ಲಿ, ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆ ಕಟ್ಟಲು ನಿಂತವರೂ ಅವರೇ. ಸಮಸ್ಯೆಯೆಂದರೆ ಆ ದಿನಕ್ಕೋ ಅದರ ಮರುದಿನಕ್ಕೋ ಸಂಕ್ರಾಂತಿಯ ರಜೆ ಬಂದು ಕೂರುತ್ತದೆ, ಕಚೇರಿ ಮುಚ್ಚುತ್ತದೆ. ರಜೆ ಕಳೆದ ಮೊದಲ ಕೆಲಸದ ದಿನ ಮಡಿಕೇರಿಯಲ್ಲಿ ದೊಡ್ಡ ಮೇಜು ಹಾಕಿ. ಭಾಷಣ ಹತ್ತು ನಿಮಿಷಕ್ಕೆ ಮುಗಿಯಲಿ, ಉಳಿದ ಹೊತ್ತು ಕಾಗದ ನೋಡೋಣ.

ನಗರಸಭೆಗೆ: ಪ್ರತಿಮೆ ತೊಳೆಯುವ ಪೌರಕಾರ್ಮಿಕರಿಗೆ ಫೆಬ್ರವರಿಯ ಒಂದು ದಿನ ನಾವು ಸ್ಥಳದಲ್ಲೇ ಕೆಲಸ ತೋರಿಸಿಕೊಡುತ್ತೇವೆ, ಮೊದಲ ವರ್ಷದ ಮೇಣವನ್ನೂ ತರುತ್ತೇವೆ. ಜಿಲ್ಲಾಡಳಿತಕ್ಕೆ: ಮೊದಲ ಮೇಜಿನ ದಿನ ಮತ್ತು ಜಾಗ ಹದಿನೈದು ದಿನ ಮುಂಚೆ ತಿಳಿಸಿದರೆ ಹಳ್ಳಿಗಳಿಗೆ ಹೇಳಿ ಕಳಿಸುವ ಕೆಲಸ ನಮ್ಮದು. ಬರುವವರು ಡಿಸ್ಚಾರ್ಜ್ ಬುಕ್ಕಿನ ಅಸಲು ಮತ್ತು ಎರಡು ಜೆರಾಕ್ಸ್, ಪಿಪಿಒ, ಗಂಡ ಹೆಂಡತಿ ಇಬ್ಬರ ಆಧಾರ್ ಮತ್ತು ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೊ, ಮತ್ತು ಆಧಾರಿಗೆ ಜೋಡಿಸಿದ ಸಿಮ್ ಇರುವ ಮೊಬೈಲನ್ನು ಚಾರ್ಜ್ ಮಾಡಿ ತರಬೇಕು. ಆ ಸಿಮ್ ಬೆಂಗಳೂರಿನ ಮಗನ ಹತ್ತಿರ ಇದ್ದರೆ, ಆ ದಿನ ಫೋನ್ ಎತ್ತಲು ಅವನಿಗೂ ಹೇಳಿಟ್ಟಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಮಡಿಕೇರಿಯ ಕೆಲವು ಮಾಜಿ ಸೈನಿಕರು ಮತ್ತು ನಾಗರಿಕರು